ಗಾಜಿನ ವಾದ್ಯ ಹಾಡೋದು ಹೇಗೆ? ಹುಚ್ಚು ಹಿಡಿಸುತ್ತೆ ಅನ್ನೋ ಗುಲ್ಲು ಎಲ್ಲಿಂದ ಬಂತು?

ತೆಳು ಗಾಜಿನ ಲೋಟದ ಅಂಚಿನ ಮೇಲೆ ಒದ್ದೆ ಬೆರಳನ್ನು ನಿಧಾನಕ್ಕೆ ಸುತ್ತಿಸಿದರೆ ಉದ್ದನೆಯ ಸ್ವರವೊಂದು ಏಳುತ್ತದೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ, ಇರೋದು ಘರ್ಷಣೆ. ಬೆರಳು ಒಂದು ಕ್ಷಣ ಗಾಜಿಗೆ ಅಂಟುತ್ತದೆ, ಮರುಕ್ಷಣ ಜಾರುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಲೋಟದ ಗೋಡೆ ಅದುರತೊಡಗುತ್ತದೆ. ದುಂಡಗಿನ ಬಾಯಿ ಕಣ್ಣಿಗೆ ಕಾಣದಷ್ಟು ಸಣ್ಣಗೆ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ಮೊಟ್ಟೆಯಾಕಾರ ತಾಳುತ್ತದೆ. ಆ ಅದುರುವಿಕೆ ಗಾಳಿಯಲ್ಲಿ ಹರಡಿ ನಾದವಾಗಿ ಕೇಳುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡೋದೂ ಇದನ್ನೇ. ಬೆರಳಲ್ಲಿ ಜಿಡ್ಡಿದ್ದರೆ ಅದು ಬರೀ ಜಾರುತ್ತದೆ, ಸ್ವರ ಹುಟ್ಟುವುದಿಲ್ಲ.

ಲೋಟಕ್ಕೆ ನೀರು ಹಾಕಿದರೆ ಶ್ರುತಿ ಇಳಿಯುತ್ತದೆ. ಗೋಡೆ ತನ್ನ ಜೊತೆ ನೀರನ್ನೂ ಅಲುಗಿಸಬೇಕಲ್ಲ! ನಮ್ಮ ಜಲತರಂಗದ ಪಿಂಗಾಣಿ ಬಟ್ಟಲುಗಳಿಗೂ ಇದೇ ನಿಯಮ. ಆದರೆ ಅಲ್ಲಿ ಕಡ್ಡಿಯಿಂದ ಬಡಿಯುವುದರಿಂದ ನಾದ ಬೇಗ ಆರಿಹೋಗುತ್ತದೆ. ಇಲ್ಲಿ ಬೆರಳು ಉಜ್ಜುವಷ್ಟು ಹೊತ್ತೂ ನಿಲ್ಲುತ್ತದೆ.

1761ರಲ್ಲಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ನೀರಿನ ಗೊಡವೆಯನ್ನೇ ತಪ್ಪಿಸಿದರು. ಬೇರೆ ಬೇರೆ ಅಳತೆಯ ಗಾಜಿನ ಬಟ್ಟಲುಗಳನ್ನು ಒಂದರೊಳಗೊಂದು ಬರುವಂತೆ ಕಬ್ಬಿಣದ ಸರಳಿಗೆ ಪೋಣಿಸಿ, ಕಾಲಿನಿಂದ ತುಳಿದು ತಿರುಗಿಸುವ ವಾದ್ಯ ಕಟ್ಟಿದರು. ಶ್ರುತಿ ನಿರ್ಧಾರವಾಗೋದು ಬಟ್ಟಲಿನ ಗಾತ್ರ ಮತ್ತು ದಪ್ಪದಿಂದ. ಇದೇ ಗ್ಲಾಸ್ ಆರ್ಮೋನಿಕಾ. 1791ರಲ್ಲಿ ಮೊಜಾರ್ಟ್, ಮರಿಯಾನೆ ಕಿರ್ಶ್‌ಗೆಸ್ನರ್ ಎಂಬ ಅಂಧ ವಾದಕಿಗಾಗಿ ಇದಕ್ಕೊಂದು ಕೃತಿ ರಚಿಸಿದ.

ಅಷ್ಟರಲ್ಲಿ ಗುಲ್ಲು ಶುರುವಾಗಿತ್ತು: ಇದನ್ನು ನುಡಿಸಿದರೆ ನರ ದುರ್ಬಲವಾಗುತ್ತದೆ, ಹುಚ್ಚು ಹಿಡಿಯುತ್ತದೆ ಅಂತ. ಕಾಣದ ಶಕ್ತಿಯಿಂದ ರೋಗ ವಾಸಿಮಾಡ್ತೀನಿ ಅಂತಿದ್ದ ಮೆಸ್ಮರ್ ತನ್ನ ಚಿಕಿತ್ಸೆಯಲ್ಲಿ ಈ ವಾದ್ಯವನ್ನೇ ಬಳಸುತ್ತಿದ್ದದ್ದು ಅದರ ನಿಗೂಢತೆಯನ್ನು ಇನ್ನಷ್ಟು ಬೆಳೆಸಿತು. ತಮಾಷೆ ಅಂದ್ರೆ, 1784ರಲ್ಲಿ ಮೆಸ್ಮರನ ವಾದವನ್ನು ಪರೀಕ್ಷಿಸಿ ತಳ್ಳಿಹಾಕಿದ ಫ್ರಾನ್ಸಿನ ಆಯೋಗದಲ್ಲಿ ಫ್ರಾಂಕ್ಲಿನ್ ಕೂಡ ಇದ್ದರು.

ಗಾಜಿನಲ್ಲಿದ್ದ ಸೀಸ ಬೆರಳಿನ ಮೂಲಕ ಮೈಗೆ ಸೇರಿ ವಿಷವಾಯಿತು ಅನ್ನೋ ವಿವರಣೆ ಇವತ್ತಿಗೂ ಓಡಾಡುತ್ತದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ಕಾಲದಲ್ಲಿ ಪಾತ್ರೆ, ಬಣ್ಣ, ಮದ್ಯ ಎಲ್ಲದರಲ್ಲೂ ಸೀಸ ಇತ್ತು, ವಾದಕರಲ್ಲದವರೂ ಅದಕ್ಕೆ ಒಡ್ಡಿಕೊಂಡಿದ್ದರು. ವಾದ್ಯ ಕಟ್ಟಿದ ಫ್ರಾಂಕ್ಲಿನ್ 84 ವರ್ಷ ಬದುಕಿದರು. ಆರ್ಮೋನಿಕಾ ಮೂಲೆ ಸೇರಿದ್ದಕ್ಕೆ ಸರಳ ಕಾರಣವೊಂದಿದೆ: ಸಭಾಂಗಣಗಳು ದೊಡ್ಡದಾದವು, ಮೆಲುದನಿಯ ಗಾಜು ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಆದರೆ ಹುಚ್ಚಿನ ಕಥೆಗೆ ಇರೋ ಗಿರಾಕಿ ಈ ಕಾರಣಕ್ಕಿಲ್ಲ.