ತಡವಾಗಿ ಕಲಿತ ಪಾಠ

ಮದ್ದೂರು ಎಂದೊಡನೆ ಹಲವರಿಗೆ ವಡೆಯ ನೆನಪಾಗುತ್ತದೆ. ನಮ್ಮದು ಆ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನಂಚಿಗಿರುವ ಊರು. 1986ರಲ್ಲಿ ನಾನು ಹೊಸ ಮೇಷ್ಟ್ರು. ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬ ಕ್ರಮೇಣ ಮಾತು ಬಿಟ್ಟ; ಒಬ್ಬನೇ ಕುಳಿತು ನಗತೊಡಗಿದ. ಉದ್ಧಟತನವೆಂದು ಬಗೆದು ನಾನು ಬೆತ್ತ ಎತ್ತಿದೆ. ಮನೆಯವರು ಗಾಳಿ ಸೋಕಿತೆಂದು ಯಂತ್ರ ಕಟ್ಟಿಸಿದರು. ಅವನು ಮತ್ತೆ ಶಾಲೆಗೆ ಬರಲಿಲ್ಲ. ಬಿ.ಎಡ್.ನಲ್ಲಿ ಮನೋವಿಜ್ಞಾನ ಓದಿದ್ದ ನನಗೂ ಅದು ಕಾಯಿಲೆಯಿರಬಹುದೆಂದು ಹೊಳೆಯಲಿಲ್ಲ.

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದಲೇ ಹುಚ್ಚಾಸ್ಪತ್ರೆಯಿತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಆದರೆ ಕಟ್ಟಡವಿದ್ದ ಮಾತ್ರಕ್ಕೆ ವೈದ್ಯರು ಹುಟ್ಟುವುದಿಲ್ಲ. ಭೋರ್ ಸಮಿತಿಯು 1946ರ ವರದಿಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿ, ತರಬೇತಿಗೆ ಒತ್ತು ನೀಡಿತು. ಅದರ ಫಲವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರಂಥವರ ಶ್ರಮದಿಂದ ಬೆಳೆದಿದ್ದ ಆ ಆಸ್ಪತ್ರೆಯ ಮಗ್ಗುಲಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮರುವರ್ಷ ಡಿಪ್ಲೊಮಾ ತರಗತಿಗಳು ತೊಡಗಿದವು. 1974ರ ಡಿಸೆಂಬರ್ 27ರಂದು ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ತಜ್ಞರು ಎಷ್ಟೇ ತಯಾರಾದರೂ ಹಳ್ಳಿ ಹಳ್ಳಿಗೆ ತಲುಪುವುದು ಅಸಾಧ್ಯವಾಗಿತ್ತು. ಆದ್ದರಿಂದ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ ಬೇರೊಂದು ದಾರಿ ಹಿಡಿಯಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡುವುದು. ಕಾರ್ಯಕರ್ತರು ಮನೆಮನೆಗೆ ಹೋದಾಗ ಲಕ್ಷಣ ಗುರುತಿಸಬೇಕು, ವೈದ್ಯರು ಔಷಧ ಕೊಡಬೇಕು, ಕಠಿಣವಾದುದನ್ನು ಮಾತ್ರ ಮೇಲಕ್ಕೆ ಕಳುಹಿಸಬೇಕು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದಿತು. 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಈ ವಿಧಾನ ಪರೀಕ್ಷೆಗೊಳಗಾಯಿತು; 1996ರಲ್ಲಿ ಇದೇ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆ ವರ್ಷಗಳನ್ನು ಗಮನಿಸಿ. ಬಳ್ಳಾರಿಯ ಕಾರ್ಯಕರ್ತರು ಒಬ್ಬನೇ ನಗುವವನನ್ನು ಕಂಡರೆ ಏನು ಮಾಡಬೇಕೆಂದು ಕಲಿಯುತ್ತಿದ್ದಾಗ, ಇಲ್ಲಿ ನನ್ನ ಕೈಯಲ್ಲಿ ಬೆತ್ತವಿತ್ತು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ದಾದಿಯರು, ಆಶಾ ಕಾರ್ಯಕರ್ತೆಯರು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಮಗುವೊಂದು ಮಾತು ಬಿಟ್ಟರೆ ಗದರುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ನಾನು ಕೇಳಲಿಲ್ಲ.