ಮಂಡಿಯಿಂದ ಸೂಪರ್ ಮಾರ್ಕೆಟ್ಟಿಗೆ: ಶಿವಮೊಗ್ಗ ಮತ್ತು ಭದ್ರಾವತಿಯ ದಿನಸಿ ವ್ಯಾಪಾರದ ಒಳಚರಿತ್ರೆ

ದೊಡ್ಡ ಸೂಪರ್ ಮಾರ್ಕೆಟ್ ಸರಪಳಿಯ ಮಳಿಗೆಯೊಂದರಲ್ಲಿ ಗ್ರಾಹಕರ ಕಣ್ಣಿಗೆ ಬೀಳುವುದು ಸಾಲಾಗಿ ಜೋಡಿಸಿದ ಸರಕು ಮತ್ತು ಬಿಲ್ಲು ಮಾಡುವ ಕೌಂಟರು ಮಾತ್ರ. ಆ ಜೋಡಣೆಯ ಹಿಂದೆ ಸರಕನ್ನು ಮೂಲದಲ್ಲಿ ಕೊಳ್ಳುವುದು, ಗುಣಕ್ಕೆ ತಕ್ಕಂತೆ ವಿಂಗಡಿಸುವುದು, ತೂಗಿ ಪೊಟ್ಟಣ ಕಟ್ಟುವುದು, ಕೆಡದಂತೆ ಉಗ್ರಾಣದಲ್ಲಿ ಇಡುವುದು, ಊರಿಂದೂರಿಗೆ ಸಾಗಿಸುವುದು ಮತ್ತು ಇವೆಲ್ಲಕ್ಕೂ ಲೆಕ್ಕ ಬರೆಯುವುದು ಎಂಬ ಆರು ಕೆಲಸಗಳು ನಡೆದಿರುತ್ತವೆ. ಶಿವಮೊಗ್ಗ ಮತ್ತು ಭದ್ರಾವತಿಯ ಚರಿತ್ರೆಯನ್ನು ಗಮನಿಸಿದರೆ, ಈ ಆರರಲ್ಲಿ ಯಾವುದೂ ಹೊಸ ಕಾಲದ ಸೃಷ್ಟಿಯಲ್ಲವೆಂದೂ, ಶತಮಾನಗಳ ಕಾಲ ಹೇರೆತ್ತಿನವರು, ದಲ್ಲಾಳಿಗಳು, ಹಮಾಲರು, ಗುಮಾಸ್ತರು, ಸಹಕಾರ ಸಂಘಗಳು ಮತ್ತು ಸರ್ಕಾರಿ ಗೋದಾಮುಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸಗಳನ್ನೇ ಆಧುನಿಕ ಸರಪಳಿಯು ಒಂದು ಆಡಳಿತದಡಿ ತಂದಿದೆಯೆಂದೂ ತಿಳಿದುಬರುತ್ತದೆ.

ಈ ಎರಡು ಊರುಗಳ ವ್ಯಾಪಾರಕ್ಕೆ ಭೂಗೋಳವೇ ಮೊದಲ ಕಾರಣ. ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿವೆ. ಎರಡು ನದಿಗಳೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಮುಂದೆ ಹರಿಯುತ್ತವೆ. ಪಶ್ಚಿಮದ ತೋಟಗಳಲ್ಲಿ ಬೆಳೆದ ಅಡಿಕೆ, ಮೆಣಸು ಮತ್ತು ಏಲಕ್ಕಿ ಪೂರ್ವಕ್ಕೆ ಹೋಗಬೇಕಾದರೂ, ಬಯಲಿನ ಜೋಳ, ಬೇಳೆಕಾಳು ಮತ್ತು ಬಟ್ಟೆ ಮಲೆನಾಡಿಗೆ ಬರಬೇಕಾದರೂ ಈ ಅಂಚಿನಲ್ಲಿ ಕೈ ಬದಲಾಗುವುದು ಸಹಜವಾಗಿತ್ತು. ಕರಾವಳಿಯ ಉಪ್ಪು ಘಟ್ಟ ಹತ್ತಿ ಬರುತ್ತಿದ್ದುದು ಹೇರೆತ್ತುಗಳ, ಅಂದರೆ ಬೆನ್ನ ಮೇಲೆ ಚೀಲ ಹೊರಿಸಿದ ಎತ್ತುಗಳ, ಸಾಲುಗಳ ಮೂಲಕ. ಗಾಡಿ ನಡೆಯದ ದಾರಿಗಳಲ್ಲಿ ಧಾನ್ಯ ಮತ್ತು ಉಪ್ಪನ್ನು ಸಾಗಿಸುವುದು ಬಂಜಾರ ಸಮುದಾಯದ ಕುಲವೃತ್ತಿಯಾಗಿತ್ತು. ಈ ಭಾಗದ ಹಲವು ತಾಂಡಾಗಳ ಪೂರ್ವಿಕರು ಆ ಕಾಲದ ಸಾಗಣೆ ವ್ಯವಸ್ಥೆಯ ಬೆನ್ನೆಲುಬಾಗಿದ್ದವರು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಜಾರಿಗೆ ತಂದ ‘ಶಿಸ್ತು’ ಎಂಬ ಭೂಕಂದಾಯ ಪದ್ಧತಿಯು ಗದ್ದೆ ಮತ್ತು ತೋಟಗಳ ಇಳುವರಿಯನ್ನು ಅಳೆದು ಕಂದಾಯ ನಿಗದಿ ಮಾಡಿದ್ದರಿಂದ, ಬೆಳೆಯ ಎಷ್ಟು ಭಾಗ ಮಾರಾಟಕ್ಕೆ ಹೋಗಬೇಕೆಂಬ ಲೆಕ್ಕವೂ ರೈತನ ಬದುಕಿನಲ್ಲಿ ಖಚಿತವಾಯಿತು.

ಹೇರೆತ್ತುಗಳ ನಿಧಾನಗತಿಯ ಸಾಗಣೆಯನ್ನು ಬದಲಿಸಿದ್ದು ರೈಲು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಬೀರೂರಿನಿಂದ ಕವಲೊಡೆದು, ತರೀಕೆರೆ ಮತ್ತು ಅಂದು ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ ಬಂದ ಮೀಟರ್ ಗೇಜ್ ಮಾರ್ಗವು 1899ರಲ್ಲಿ ಆರಂಭವಾಯಿತು. ಮುಂದೆ ಅದು ತಾಳಗುಪ್ಪದ ಕಡೆಗೆ ವಿಸ್ತರಿಸುವ ತನಕ ಶಿವಮೊಗ್ಗವೇ ಕೊನೆಯ ನಿಲ್ದಾಣವಾಗಿದ್ದುದರಿಂದ, ಮಲೆನಾಡಿಗೆ ಹೋಗುವ ಸರಕು ಇಲ್ಲಿ ಇಳಿದು ಗಾಡಿಗೇರುತ್ತಿತ್ತು. ರೈಲಿನ ಸರಕನ್ನು ಇಳಿಸಿ ಇಡುವ ಗೂಡ್ಸ್ ಶೆಡ್ಡು ಇಡೀ ಸೀಮೆಯ ಉಗ್ರಾಣದಂತಾಯಿತು. ಅಲ್ಲಿಂದ ಗಾಂಧಿ ಬಜಾರಿನ ಸಗಟು ಅಂಗಡಿಗಳಿಗೆ, ಅಲ್ಲಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಚಿಲ್ಲರೆ ಅಂಗಡಿಗಳಿಗೆ ಸಕ್ಕರೆ, ಸೀಮೆಎಣ್ಣೆ, ಬೇಳೆ ಮತ್ತು ಬೆಲ್ಲ ಹರಿದುಹೋಗುತ್ತಿದ್ದವು. ಇಂದಿನ ಸರಪಳಿಗಳು ‘ವಿತರಣಾ ಕೇಂದ್ರ’ ಎಂದು ಕರೆಯುವ ವ್ಯವಸ್ಥೆ, ಅಂದರೆ ಸರಕನ್ನು ಒಂದೆಡೆ ತರಿಸಿ ಹಲವು ಮಳಿಗೆಗಳಿಗೆ ಬೇಕಾದಷ್ಟು ಹಂಚಿ ಕಳುಹಿಸುವ ವ್ಯವಸ್ಥೆ, ರೂಪದಲ್ಲಿ ಇದಕ್ಕಿಂತ ಬೇರೆಯಲ್ಲ.

ರೈಲು ಸರಕನ್ನು ತಂದರೆ, ಅದನ್ನು ಕೊಳ್ಳುವ ಹಣವನ್ನು ಈ ಸೀಮೆಗೆ ತಂದುಕೊಟ್ಟದ್ದು ಅಡಿಕೆ. ಮಂಡಿಯೆಂದರೆ ಬೆಳೆಗಾರ ತಂದ ಮಾಲನ್ನು ದಲ್ಲಾಳಿಯು ತನ್ನ ಜಾಗದಲ್ಲಿ ಇರಿಸಿ, ಖರೀದಿದಾರರಿಗೆ ತೋರಿಸಿ, ಮಾರಿಸಿಕೊಟ್ಟು, ಅದಕ್ಕೆ ಪ್ರತಿಯಾಗಿ ಕಮಿಷನ್ ಪಡೆಯುವ ವ್ಯಾಪಾರ ಸಂಸ್ಥೆ. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸುವ ಕಲೆ ಮಂಡಿಯ ಜೀವಾಳವಾಗಿತ್ತು. ಬಲಿತ ಪ್ರಮಾಣ, ಬಣ್ಣ, ಒಣಗಿರುವ ಹದ ಮತ್ತು ಕತ್ತರಿಸಿದಾಗ ಕಾಣುವ ಒಳಮೈಯನ್ನು ನೋಡಿ ಧಾರಣೆ ಕಟ್ಟುವ ಅನುಭವವು ವರ್ಷಗಟ್ಟಲೆ ಮಂಡಿಯಲ್ಲಿ ಕುಳಿತವರಿಗೆ ಮಾತ್ರ ಒಲಿಯುತ್ತಿತ್ತು. ಮಂಡಿಯು ಬ್ಯಾಂಕಿನ ಕೆಲಸವನ್ನೂ ಮಾಡುತ್ತಿತ್ತು: ಮಳೆಗಾಲದಲ್ಲಿ ಕೈ ಖಾಲಿಯಾದ ಬೆಳೆಗಾರನು ಮುಂದಿನ ಫಸಲಿನ ಮೇಲೆ ಮುಂಗಡ ಪಡೆದು, ಆ ಹಣದಲ್ಲಿ ಅಕ್ಕಿ, ಬೆಲ್ಲ, ಎಣ್ಣೆ ಕೊಂಡು, ಸುಗ್ಗಿಯ ನಂತರ ಅದೇ ಮಂಡಿಗೆ ಅಡಿಕೆ ಹಾಕಿ ಲೆಕ್ಕ ಚುಕ್ತಾ ಮಾಡುತ್ತಿದ್ದನು. ಸಾಲ ಕೊಟ್ಟವನೇ ಮಾರಾಟಗಾರನೂ ಆಗಿದ್ದಾಗ ಬೆಳೆಗಾರನಿಗೆ ಬೆಲೆ ಕೇಳುವ ಸ್ವಾತಂತ್ರ್ಯ ಕುಗ್ಗುವುದು ಸಹಜವಾಗಿತ್ತು. ಈ ಕಟ್ಟಿನಿಂದ ಬಿಡುಗಡೆ ಪಡೆಯಲು ಬೆಳೆಗಾರರು 1939ರಲ್ಲಿ ಕಟ್ಟಿಕೊಂಡದ್ದೇ ‘ಮ್ಯಾಮ್‌ಕೋಸ್’ ಎಂದು ಹೆಸರಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ತೂಕ, ಟೆಂಡರು ಮತ್ತು ಕಮಿಷನ್ನಿಗೆ ನಿಯಮಗಳನ್ನು ವಿಧಿಸಿತು; ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣವು ಈ ನಿಯಂತ್ರಿತ ವ್ಯಾಪಾರದ ನೆಲೆಯಾಯಿತು.

ಶಿವಮೊಗ್ಗದ ವ್ಯಾಪಾರ ಸುಗ್ಗಿಯ ಲಯದಲ್ಲಿ ನಡೆದರೆ, ಭದ್ರಾವತಿಯದು ಸಂಬಳದ ಲಯದಲ್ಲಿ ನಡೆಯಿತು. 1918ರಲ್ಲಿ ಆರಂಭಗೊಂಡು 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಸೇರಿ, ಹೊಳೆದಂಡೆಯ ಸಣ್ಣ ಊರನ್ನು ತಿಂಗಳ ಸಂಬಳದ ಪಟ್ಟಣವನ್ನಾಗಿ ಮಾಡಿದವು. ಹಳೇನಗರದ ಪಕ್ಕದಲ್ಲಿ ನ್ಯೂಟೌನ್ ಮತ್ತು ಪೇಪರ್ ಟೌನ್ ಎಂಬ ಕಾರ್ಮಿಕ ಬಡಾವಣೆಗಳು ಬೆಳೆದವು. ಕನ್ನಡಿಗರ ಜೊತೆಗೆ ತಮಿಳು, ತೆಲುಗು ಮತ್ತು ಮಲಯಾಳ ಮನೆಮಾತಿನ ಕುಟುಂಬಗಳೂ ಬಂದು ನೆಲೆಸಿದ್ದರಿಂದ, ಅಂಗಡಿಯವನು ಯಾರ ಮನೆಗೆ ರಾಗಿ, ಯಾರ ಮನೆಗೆ ಕುಸುಬಲಕ್ಕಿ, ಯಾರ ಅಡುಗೆಗೆ ಕೊಬ್ಬರಿ ಎಣ್ಣೆ ಎಂಬುದನ್ನು ತಿಳಿದು ದಾಸ್ತಾನು ಮಾಡಬೇಕಾಗಿತ್ತು. ಅಲ್ಲಿ ಬೆಳೆದ ಪದ್ಧತಿಯೇ ತಿಂಗಳ ಉದ್ರಿ: ತಿಂಗಳಿಡೀ ಕೊಂಡ ದಿನಸಿಯನ್ನು ಮನೆಯ ಚಿಕ್ಕ ಪುಸ್ತಕದಲ್ಲೂ ಅಂಗಡಿಯ ಖಾತೆಯಲ್ಲೂ ಬರೆದು, ಸಂಬಳದ ದಿನ ತೀರಿಸುವುದು. ಯಾವ ಮನೆಗೆ ಎಷ್ಟು ಸಾಲ ಕೊಡಬಹುದೆಂಬ ತೀರ್ಮಾನ ಕಾರ್ಖಾನೆಯ ಪಾಳಿ, ಮನೆಯ ಮಕ್ಕಳ ಸಂಖ್ಯೆ ಮತ್ತು ಹಿಂದಿನ ನಡವಳಿಕೆಯನ್ನು ನೋಡಿ ಆಗುತ್ತಿತ್ತು. ಕಾರ್ಖಾನೆಯ ಕುಲುಮೆ ಆರಿದರೆ ಅಂಗಡಿಯ ಖಾತೆಯೂ ನಿಲ್ಲುವ ಸಂಬಂಧವದು.

ಇದೇ ಅವಧಿಯಲ್ಲಿ ಸರ್ಕಾರವೂ ಉಗ್ರಾಣದ ಯಜಮಾನನಾಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ಬರುವುದು ನಿಂತಾಗ ದೇಶದ ಹಲವೆಡೆ ಪಡಿತರ ಪದ್ಧತಿ ಜಾರಿಗೆ ಬಂದಿತು. ಕಾರ್ಡಿನಲ್ಲಿ ನಮೂದಿಸಿದ ತಲೆಗಳ ಲೆಕ್ಕಕ್ಕೆ ತಕ್ಕಷ್ಟೇ ಧಾನ್ಯ ಕೊಡುವ ಈ ವ್ಯವಸ್ಥೆಯು, ಒಂದು ಊರಿಗೆ ಎಷ್ಟು ಅಕ್ಕಿ ಬೇಕೆಂಬುದನ್ನು ಮೊದಲ ಬಾರಿಗೆ ಕಾಗದದ ಮೇಲೆ ಲೆಕ್ಕ ಹಾಕಿಸಿತು. 1955ರ ಅಗತ್ಯ ವಸ್ತುಗಳ ಕಾಯ್ದೆ ಮತ್ತು 1965ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರ ನಿಗಮವು ಈ ಲೆಕ್ಕವನ್ನು ಶಾಶ್ವತಗೊಳಿಸಿದವು. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ಬೆಲೆಯೇರಿಕೆಯನ್ನು ತಡೆಯಲು ಕೇಂದ್ರ ಸರ್ಕಾರವು ಗ್ರಾಹಕ ಸಹಕಾರ ಸಂಘಗಳ ಯೋಜನೆಯನ್ನು ಆರಂಭಿಸಿತು, ಕರ್ನಾಟಕದಲ್ಲಿ ಜನತಾ ಬಜಾರ್ ಎಂಬ ಹೆಸರು ಮನೆಮಾತಾದದ್ದು ಆ ಹಿನ್ನೆಲೆಯಲ್ಲಿ. ಸಗಟಿನಲ್ಲಿ ಒಟ್ಟಾಗಿ ಕೊಂಡು, ನಿಗದಿತ ಬೆಲೆಗೆ, ರಸೀದಿ ಕೊಟ್ಟು ಮಾರುವ ಈ ಪದ್ಧತಿಯಲ್ಲಿ ಇಂದಿನ ಸರಪಳಿ ಮಳಿಗೆಯ ಮುಖ್ಯ ಲಕ್ಷಣಗಳೆಲ್ಲ ಆಗಲೇ ಇದ್ದವು. ಲಾಭವು ಸದಸ್ಯರಿಗೆ ಸೇರಬೇಕೆಂಬ ತತ್ವ ಮಾತ್ರ ಬೇರೆಯಾಗಿತ್ತು.

ಸರಕನ್ನು ಅಳೆಯುವ ರೀತಿಯೂ ಇದೇ ಕಾಲದಲ್ಲಿ ಬದಲಾಯಿತು. ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಎಂಬ ಅಳತೆಗಳು ಧಾನ್ಯಕ್ಕೂ, ಮಣದ ತೂಕ ಅಡಿಕೆ ಬೆಲ್ಲಗಳಿಗೂ ಬಳಕೆಯಲ್ಲಿದ್ದವು. ಊರಿಂದೂರಿಗೆ ಸೇರಿನ ಪ್ರಮಾಣವೇ ಬೇರೆಯಾಗಿರುತ್ತಿತ್ತು. 1956ರ ಕಾಯ್ದೆಯ ಮೂಲಕ ಆರಂಭವಾದ ಮೆಟ್ರಿಕ್ ಪದ್ಧತಿ 1962ರ ವೇಳೆಗೆ ತೂಕದ ವ್ಯವಹಾರದಲ್ಲಿ ಕಡ್ಡಾಯವಾದಾಗ, ಒಂದು ಕಿಲೋ ಎಂದರೆ ಶಿವಮೊಗ್ಗದಲ್ಲೂ ಮುಂಬಯಿಯಲ್ಲೂ ಒಂದೇ ಎಂಬ ನಂಬಿಕೆ ನೆಲೆಗೊಂಡಿತು. 1977ರ ನಿಯಮಗಳು ಪೊಟ್ಟಣದ ಮೇಲೆ ತೂಕ, ಬೆಲೆ ಮತ್ತು ತಯಾರಕರ ಹೆಸರನ್ನು ಮುದ್ರಿಸಬೇಕೆಂದು ವಿಧಿಸಿದವು. 1990ರಲ್ಲಿ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು, ಜನರು ಎಂಆರ್‌ಪಿ ಎನ್ನುವುದನ್ನು, ನಮೂದಿಸುವುದು ಕಡ್ಡಾಯವಾಯಿತು. ಎರಡು ಊರುಗಳ ನಡುವಿನ ಮಾಚೇನಹಳ್ಳಿಯ ಡೇರಿಯಿಂದ ಹೊರಡುವ ನಂದಿನಿ ಹಾಲಿನ ಪೊಟ್ಟಣವು ಹಳ್ಳಿಯ ಸಂಘದಿಂದ ಸಂಗ್ರಹ, ಕೊಬ್ಬಿನಂಶದ ಪರೀಕ್ಷೆ, ಶೈತ್ಯ ಮತ್ತು ಬೆಳಗಿನ ವಿತರಣೆಗಳನ್ನು ಒಂದೇ ಹಗ್ಗದಲ್ಲಿ ಹೆಣೆದ ಸ್ಥಳೀಯ ಮಾದರಿಯಾಗಿದೆ.

ಖಾಸಗಿ ಸರಪಳಿಗಳು ಬೆಳೆದದ್ದು ಈ ತಳಹದಿಯ ಮೇಲೆ. ಗ್ರಾಹಕರೇ ಸರಕನ್ನು ಆರಿಸಿಕೊಳ್ಳುವ ಅಂಗಡಿಯು ಅಮೆರಿಕದ ಮೆಂಫಿಸ್‌ನಲ್ಲಿ 1916ರಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಹೆಸರಿನಿಂದ ಆರಂಭವಾಗಿತ್ತು. ಬಾರ್ ಕೋಡ್, ಅಂದರೆ ಯಂತ್ರವು ಓದಬಲ್ಲ ಗೆರೆಗಳ ಗುರುತು, ಅದೇ ದೇಶದ ಒಹಾಯೊ ರಾಜ್ಯದ ಅಂಗಡಿಯೊಂದರಲ್ಲಿ 1974ರಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ರಿಲಯನ್ಸ್ ಫ್ರೆಶ್ 2006ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಆದಿತ್ಯ ಬಿರ್ಲಾ ಸಮೂಹವು 2007ರಲ್ಲಿ ಕೊಂಡ ತ್ರಿನೇತ್ರ ಎಂಬ ದಿನಸಿ ಸರಪಳಿಯ ಜೊತೆಯಲ್ಲಿ ಕರ್ನಾಟಕದ ಫ್ಯಾಬ್‌ಮಾಲ್ ಮಳಿಗೆಗಳೂ ಆ ಸಮೂಹದ ಕೈಸೇರಿದವು. ನಂತರದ ವರ್ಷಗಳಲ್ಲಿ ಈ ಬಗೆಯ ಮಳಿಗೆಗಳು ಶಿವಮೊಗ್ಗದಂಥ ಜಿಲ್ಲಾ ಕೇಂದ್ರಗಳಿಗೂ ಬಂದವು. ಅವುಗಳ ಒಳಮನೆಯಲ್ಲಿ ಪ್ರತಿ ಮಾರಾಟವೂ ಗಣಕಯಂತ್ರದ ದಾಸ್ತಾನಿನಿಂದ ತಾನಾಗಿ ಕಳೆದುಹೋಗುತ್ತದೆ. ನಿಗದಿತ ಮಟ್ಟಕ್ಕಿಂತ ಕೆಳಗಿಳಿದ ಸರಕಿಗೆ ಬೇಡಿಕೆಯ ಪಟ್ಟಿ ಸಿದ್ಧವಾಗುತ್ತದೆ. ಬೇಗ ಅವಧಿ ಮುಗಿಯುವ ಪೊಟ್ಟಣವನ್ನು ಮುಂದಿಟ್ಟು ಹೊಸದನ್ನು ಹಿಂದಿಡುವ ಕ್ರಮ ಪಾಲನೆಯಾಗುತ್ತದೆ. ಯಾವ ವಸ್ತು ಯಾವ ಎತ್ತರದ ಹಲಗೆಯಲ್ಲಿರಬೇಕೆಂಬುದು ಕೇಂದ್ರ ಕಚೇರಿಯಿಂದ ಬಂದ ನಕ್ಷೆಯಂತೆ ನಡೆಯುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಉಗ್ರಾಣದ ಜಾಗವನ್ನು ರಾಜ್ಯದ ತೆರಿಗೆ ಗಡಿಯ ಬದಲು ದೂರ ಮತ್ತು ಸಾಗಣೆಯ ವೆಚ್ಚ ನೋಡಿ ಆರಿಸುವುದು ಸುಲಭವಾಯಿತು.

ಈ ದೀರ್ಘ ಚರಿತ್ರೆಯಲ್ಲಿ ನಿಜವಾದ ಪಲ್ಲಟ ನಡೆದಿರುವುದು ಎರಡು ಕಡೆ. ಮೊದಲನೆಯದು ಸಾಲದ ದಿಕ್ಕು. ಮಂಡಿಯೂ ಉದ್ರಿ ಅಂಗಡಿಯೂ ಬೆಳೆಗಾರನಿಗೋ ಗ್ರಾಹಕನಿಗೋ ಸಾಲ ಕೊಟ್ಟು ವ್ಯಾಪಾರ ನಡೆಸುತ್ತಿದ್ದವು. ಸರಪಳಿ ಮಳಿಗೆಯು ಗ್ರಾಹಕನಿಂದ ಕೂಡಲೇ ಹಣ ಪಡೆದು, ಸರಬರಾಜುದಾರನಿಗೆ ವಾಯಿದೆಯ ಮೇಲೆ ಕೊಡುತ್ತದೆ. ಹೀಗಾಗಿ ಹಿಂದೆ ಅಂಗಡಿಯವನು ಹೊರುತ್ತಿದ್ದ ಭಾರ ಈಗ ಸಣ್ಣ ತಯಾರಕನ ಹೆಗಲಿಗೆ ದಾಟಿದೆ, ಸಂಬಳ ತಡವಾದ ಮನೆಗೆ ತಿಂಗಳು ದಾಟಿಸುವ ಆಸರೆ ತಪ್ಪಿದೆ. ಕಾಗದದ ಕಾರ್ಖಾನೆ ನಿಂತುಹೋಗಿ, 2023ರ ಜನವರಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತ ಭದ್ರಾವತಿಯಂಥ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ಎರಡನೆಯದು ತಿಳಿವಳಿಕೆಯ ನೆಲೆ. ಅಡಿಕೆಯ ಹದವನ್ನು ಬೆರಳಲ್ಲಿ ಗುರುತಿಸುವ, ಮನೆಮನೆಯ ಬೇಡಿಕೆಯನ್ನು ನೆನಪಿನಲ್ಲಿಡುವ ಗುಮಾಸ್ತನ ಅರಿವು ಇಂದು ದೂರದ ಗಣಕಯಂತ್ರದಲ್ಲಿದೆ. ಇದರಿಂದ ತೂಕ ಖಚಿತವಾಯಿತು, ಬೆಲೆ ಬಹಿರಂಗವಾಯಿತು, ಚೌಕಾಸಿ ಬಾರದ ಗ್ರಾಹಕನಿಗೂ ಸಮಾನ ದರ ಸಿಕ್ಕಿತು. ಈ ಲಾಭಗಳು ನಿಜವಾದವು ಮತ್ತು ಅವನ್ನು ಗೌರವಿಸಬೇಕು.

ಬದಲಾಗದೆ ಉಳಿದಿರುವುದು ದುಡಿಮೆ. ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊತ್ತ ಹಮಾಲರು, ಮಂಡಿಯಲ್ಲಿ ಅಡಿಕೆ ಆರಿಸಿದ ಹೆಂಗಸರು, ನ್ಯಾಯಬೆಲೆ ಅಂಗಡಿಯಲ್ಲಿ ತೂಗಿದ ಕೆಲಸಗಾರರು ಮತ್ತು ಈಗ ಮಳಿಗೆ ಮುಚ್ಚಿದ ಮೇಲೆ ಹಲಗೆಗಳನ್ನು ತುಂಬಿಸುವ ಯುವಕ ಯುವತಿಯರು ಒಂದೇ ಪರಂಪರೆಗೆ ಸೇರಿದವರು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನೂ ವಾರದ ರಜೆಯನ್ನೂ ಅವರಿಗೆ ನೀಡಿದೆ. ನೆರೆಯ ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಸೌಲಭ್ಯವನ್ನು ಕಾನೂನಿನ ಮೂಲಕ ಒದಗಿಸಿವೆ. ಇವರ ದುಡಿಮೆಗೆ ನ್ಯಾಯ ಸಲ್ಲಬೇಕಾದರೆ ಕಾನೂನಿನ ಜೊತೆಗೆ ನೆನಪೂ ಬೇಕು. ಗಾಂಧಿ ಬಜಾರಿನ ಹಳೆಯ ಮಂಡಿಗಳ ಕಿರ್ದಿ ಪುಸ್ತಕಗಳು, ಭದ್ರಾವತಿಯ ಅಂಗಡಿಗಳ ಉದ್ರಿ ಖಾತೆಗಳು ಮತ್ತು ಸಹಕಾರ ಸಂಘಗಳ ನಡಾವಳಿಗಳು ಗೆದ್ದಲಿಗೆ ಆಹಾರವಾಗುವ ಮೊದಲು ಜಿಲ್ಲೆಯ ವಿದ್ಯಾಸಂಸ್ಥೆಗಳು ಅವನ್ನು ಸಂಗ್ರಹಿಸಿ, ಹಿರಿಯ ಹಮಾಲರ ಮತ್ತು ಗುಮಾಸ್ತರ ಮಾತುಗಳನ್ನು ದಾಖಲಿಸಿಕೊಳ್ಳಬೇಕು. ಮಲೆನಾಡಿನ ಮನೆಗಳಿಗೆ ಅನ್ನ ತಲುಪಿಸಿದವರ ಚರಿತ್ರೆಯನ್ನು ಬರೆಯಲು ಬೇರೆ ಆಧಾರಗಳು ಹೆಚ್ಚು ಉಳಿದಿಲ್ಲ.