ವೀರಗಲ್ಲು ಮತ್ತು ಕಲ್ನಾಡು

ಕನ್ನಡ ನಾಡಿನ ಹಳೆಯ ಊರುಗಳಲ್ಲಿ ಈಶ್ವರ ದೇವಾಲಯದ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಊರ ಮುಂದಣ ಮರದ ಬುಡದಲ್ಲೋ ನಿಂತಿರುವ ವೀರಗಲ್ಲುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಇವುಗಳ ಸಾಮಾನ್ಯ ವಿನ್ಯಾಸ ಸುಪರಿಚಿತವಾದುದು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಿರುವ ಚಿತ್ರ. ನಡುವಣ ಪಟ್ಟಿಕೆಯಲ್ಲಿ ದೇವಕನ್ನಿಕೆಯರು ಅವನನ್ನು ಎತ್ತಿ ಒಯ್ಯುವ ಚಿತ್ರ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸಮ್ಮುಖದಲ್ಲಿ ಕೈಮುಗಿದು ಕುಳಿತಿರುವ ಚಿತ್ರ. ಅದರ ಮೇಲೆ ಸೂರ್ಯಚಂದ್ರರು. ಮಣ್ಣಿನಿಂದ ಕೈಲಾಸದವರೆಗಿನ ಈ ಪಯಣವನ್ನು ಕುರಿತು ನಮ್ಮ ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ. ಎಂ. ಚಿದಾನಂದಮೂರ್ತಿಯವರ ಶಾಸನಾಧ್ಯಯನವೂ (1966) ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನವೂ (1982) ಈ ಕ್ಷೇತ್ರದಲ್ಲಿ ದಾರಿ ಮಾಡಿಕೊಟ್ಟವು. ಆದರೆ ಶಿಲ್ಪವನ್ನು ಕಣ್ತುಂಬ ನೋಡುವ ನಾವು ಪಟ್ಟಿಕೆಗಳ ನಡುವೆ ಕೊರೆದಿರುವ ಒಣ ಗದ್ಯದ ಸಾಲುಗಳ ಮೇಲೆ, ಅದರಲ್ಲಿಯೂ ಕೊನೆಯ ಸಾಲುಗಳ ಮೇಲೆ, ಸಾಕಷ್ಟು ದೃಷ್ಟಿ ನಿಲ್ಲಿಸುವುದಿಲ್ಲ. ಮಡಿದವನಿಗೆ ಸ್ವರ್ಗ ದೊರಕಿತು, ಸರಿ. ಅವನ ಮನೆಗೆ ಏನು ದೊರಕಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಆ ಸಾಲುಗಳಲ್ಲಿ.

ಅನೇಕ ವೀರಗಲ್ಲುಗಳಲ್ಲಿ ಪುನರಾವರ್ತನೆಯಾಗುವ ಒಂದು ಸಂಸ್ಕೃತ ಶ್ಲೋಕವುಂಟು. ಗೆದ್ದವನಿಗೆ ಸಿರಿ, ಸತ್ತವನಿಗೆ ಸುರಾಂಗನೆ, ದೇಹವು ಕ್ಷಣಭಂಗುರ, ಹೀಗಿರಲು ರಣದಲ್ಲಿ ಮರಣದ ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ಈ ಶ್ಲೋಕ ಮಾತನಾಡುವುದು ಯೋಧನೊಬ್ಬನೊಡನೆ ಮಾತ್ರ. ಅವನ ವೃದ್ಧ ತಂದೆತಾಯಿಗಳಿಗೆ, ಎಳೆಯ ಮಕ್ಕಳಿಗೆ ಅದರಲ್ಲಿ ಒಂದು ಮಾತೂ ಇಲ್ಲ. ಆ ಮಾತನ್ನು ಆಡುವುದು ಶಾಸನದ ಕನ್ನಡ ಗದ್ಯ. ಇಂಥ ಗದ್ದೆ, ಇಷ್ಟು ಬೆದ್ದಲು, ಇಂತಹವರಿಗೆ, ಆಚಂದ್ರಾರ್ಕವಾಗಿ ಎಂದು ಅದು ಲೆಕ್ಕ ಹೇಳುತ್ತದೆ. ಕಾವ್ಯಗುಣಕ್ಕಾಗಿ ಶ್ಲೋಕವನ್ನು ಮೆಚ್ಚುವವರು ಮೆಚ್ಚಲಿ. ಗೌರವದ ತೂಕವನ್ನು ಅಳೆಯಬೇಕಾದರೆ ಈ ಲೆಕ್ಕದ ಸಾಲುಗಳೇ ಹೆಚ್ಚು ಪ್ರಮಾಣವೆಂದು ನನ್ನ ಅಭಿಪ್ರಾಯ.

ಇಂತಹ ದತ್ತಿಗಳಿಗೆ ನಮ್ಮ ಶಾಸನಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಅವುಗಳಲ್ಲಿ ಅತಿ ಪ್ರಾಚೀನವಾದುದು ‘ಬಾಳ್ಗಳ್ಚು’. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ರಕ್ತ ಮೆತ್ತಿದ ಕತ್ತಿಯನ್ನು ತೊಳೆಯುವ ಮರ್ಯಾದೆಯೊಡನೆ ಕೊಡುವ ಭೂಮಿ ಎಂಬುದು ಇದರ ಅರ್ಥ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಕನ್ನಡದ ಪ್ರಾಚೀನತೆಯ ಸಾಕ್ಷಿಯೆಂದು ನಾವೆಲ್ಲರೂ ಅಭಿಮಾನದಿಂದ ನೆನೆಯುತ್ತೇವೆ. ಸುಮಾರು ಕ್ರಿ. ಶ. 450ರದೆಂದು ಎಣಿಸಲಾಗಿರುವ ಆ ಶಾಸನದ ವಿಷಯವೇನೆಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಕೇಕಯ-ಪಲ್ಲವರೊಡನೆ ನಡೆದ ಕಾಳಗದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟುದೇ ಅದರ ವಿಷಯ. ಬಹುಕಾಲ ಕನ್ನಡದ ಮೊತ್ತಮೊದಲ ಶಾಸನವೆಂದು ಪರಿಗಣಿತವಾಗಿದ್ದ ಬರಹವು ಒಬ್ಬ ಯೋಧನ ಋಣವನ್ನು ತೀರಿಸುವ ಪತ್ರವೆಂಬುದು ಸಣ್ಣ ಸಂಗತಿಯಲ್ಲ. ಇದೇ ಶಬ್ದವು ಐದು ಶತಮಾನಗಳ ಮೇಲೆ ‘ಬಾಳ್ಗಚ್ಚು’ ಎಂದಾಗಿರುವುದನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬಹುದು.

ಬಾಳ್ಗಳ್ಚು ಗೆದ್ದು ಬಂದವನಿಗೂ ಸಲ್ಲುತ್ತಿತ್ತು. ಮಡಿದವರ ನೆನಪಿಗೆ ಹೆಚ್ಚು ಅಂಟಿಕೊಂಡ ಹೆಸರುಗಳು ಎರಡು, ‘ಕಲ್ನಾಡು’ ಮತ್ತು ‘ನೆತ್ತರುಗೊಡಗೆ’. ಕಲ್ಲು ನೆಡುವುದರೊಡನೆ ಬಿಟ್ಟ ನೆಲವೇ ಕಲ್ನಾಡು ಎಂಬ ಅರ್ಥವು ಒಪ್ಪುವಂತಿದೆ. ನೆತ್ತರುಗೊಡಗೆಗಾದರೋ ವ್ಯಾಖ್ಯಾನವೇ ಬೇಡ. ಚೆಲ್ಲಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡಗೆ ಅದು. ತಮಿಳು ನಾಡಿನಲ್ಲಿಯೂ ಇದೇ ಅರ್ಥದ ‘ಉದಿರಪ್ಪಟ್ಟಿ’ ಎಂಬ ದತ್ತಿಯಿದ್ದಿತು. ಕೆರೆ ಕಟ್ಟಿಸಿದವನಿಗೆ ಬಿಡುವ ಭೂಮಿಯನ್ನು ನಮ್ಮವರು ‘ಕಟ್ಟುಗೊಡಗೆ’ ಎಂದು ಕರೆದರು. ಬೆವರಿಗೂ ನೆತ್ತರಿಗೂ ಒಂದೇ ಕೊಡಗೆಯ ಮಾತನ್ನು ಬಳಸಿದ ಈ ಜನರ ಬುದ್ಧಿ ವಿಚಾರಾರ್ಹವಾದುದು.

ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ದೊಡ್ಡ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ಕುದುರೆ, ಆನೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಮುಗಿಬಿದ್ದಿರುವ ಅದರ ಯುದ್ಧಚಿತ್ರವನ್ನು ಕಲಾವಿಮರ್ಶಕರು ಬಹುವಾಗಿ ಹೊಗಳಿದ್ದಾರೆ. ವೀರಮಹೇಂದ್ರನ ಮೇಲೆ ಕಾದಲು ಹೋದ ನಾಗತ್ತರನು ತುಂಬೆಪಾಡಿ ಎಂಬಲ್ಲಿ ಆನೆಗಳ ದಾಳಿಯ ನಡುವೆ ಹೋರಾಡಿ ಮಡಿದನು. ಆ ವಾರ್ತೆಯನ್ನು ಕೇಳಿದ ಗಂಗದೊರೆ ಎರೆಯಪನು ಇರುಗನೆಂಬವನಿಗೆ ‘ನಾಗತ್ತರವಟ್ಟ’ವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೆಂದರೆ ಇಂದಿನ ಬೇಗೂರು. ಆ ಊರುಗಳ ಹೆಸರನ್ನು ಶಾಸನವು ಒಂದೊಂದಾಗಿ ಎಣಿಸುತ್ತದೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಸತ್ತವನ ಹೆಸರೇ ಒಂದು ಪದವಿಯಾಯಿತು; ಪಟ್ಟ ಕಟ್ಟಿಸಿಕೊಂಡವನು ಬದುಕಿರುವವರೆಗೆ ನಾಗತ್ತರನ ಹೆಸರು ಜನರ ನಾಲಗೆಯ ಮೇಲೆ ಉಳಿಯಿತು. ಇರುಗನು ಅವನ ಮನೆಯವನೇ ಆಗಿರಬೇಕೆಂಬುದು ಸಹಜವಾದ ಊಹೆ. ಎರಡನೆಯದಾಗಿ, ದಾನವು ‘ಯಥೋಚಿತ’ವೆಂಬ ತೇಲುಮಾತಿನಲ್ಲಿ ಮುಗಿಯಲಿಲ್ಲ, ಊರೂರಿನ ಹೆಸರು ಹಿಡಿದು ಕಲ್ಲಿನಲ್ಲಿ ಕೊರೆಯಲ್ಪಟ್ಟಿತು. ನಾಳೆ ಯಾರೂ ಇಲ್ಲವೆನ್ನುವಂತಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇನ್ನೂ ವಿಶಿಷ್ಟವಾದುದು. ಕ್ರಿ. ಶ. 949-50ರ ಈ ಕಲ್ಲಿನ ಹಿನ್ನೆಲೆಯಲ್ಲಿರುವುದು ತಕ್ಕೋಲದ ಮಹಾಯುದ್ಧ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಬೂತುಗನ ಆಳಾದ ಮಣಲೆರನು ಮೆರೆದ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಒಡೆಯನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕೆಳಲೆ ನಾಡಿನ ಬೆಳತೂರಿನ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಮಣಲೆರನಿಗೂ ಬೂತುಗನು ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾಡಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು.

ನಾಯಿಯ ಕಥೆಯನ್ನು ಕೇಳಿ ನಗುವವರುಂಟು. ಆದರೆ ಆ ಶಾಸನದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಕಟ್ಟಳೆಯೊಂದಿದೆ. ಆ ದೇವಾಲಯದ ಗೊರವನು, ಎಂದರೆ ಶೈವ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ. ಬಿಟ್ಟ ಭೂಮಿಯನ್ನು ಕೆಡಿಸಿದವನಿಗೂ ಅದೇ ಪಾಪ. ಗೌರವವು ಒಂದು ದಿನದ ಉತ್ಸವವಾಗಿ ಮುಗಿಯಬಾರದೆಂಬ ಎಚ್ಚರ ಇದರಲ್ಲಿದೆ. ಕಲ್ಲು ನಿಲ್ಲಿಸಿದ ದಿನ ಎಲ್ಲರೂ ನೆರೆಯುತ್ತಾರೆ. ಹತ್ತು ವರ್ಷದ ಮೇಲೆ ಅದಕ್ಕೆ ನೀರೆರೆಯುವವರು ಯಾರು? ಅದನ್ನು ಒಬ್ಬನ ನಿತ್ಯವ್ರತದೊಡನೆ, ಅವನ ಊಟದೊಡನೆಯೇ ಗಂಟು ಹಾಕಿದರು. ಶಿವಾಲಯವನ್ನೂ ಶಿವಪೂಜಕನನ್ನೂ ಇಂತಹ ನೆನಪಿನ ಕಾವಲಿಗೆ ಆರಿಸಿಕೊಂಡುದು ಈ ನಾಡಿನ ಶೈವ ಪರಂಪರೆಯ ಇತಿಹಾಸವನ್ನು ಬರೆಯುವವರು ಮರೆಯಬಾರದ ಸಂಗತಿ. ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಪಕ್ಕದಲ್ಲಿ ನಿಂತಿರುವ ಪೂಜಾರಿಯ ಮೂರ್ತಿಯನ್ನು ಕೈಲಾಸದ ಚಿತ್ರಣವೆಂದೇ ಎಲ್ಲರೂ ವಿವರಿಸುತ್ತಾರೆ. ಆ ಮೂರ್ತಿಯಲ್ಲಿ ಊರಿನ ಗುಡಿಯ ಗೊರವನನ್ನು ಕಾಣಲೂ ಅಡ್ಡಿಯಿಲ್ಲ.

ಇದುವರೆಗೆ ಹೇಳಿದ್ದು ಅರಸರು ಕೊಟ್ಟ ದಾನಗಳನ್ನು ಕುರಿತು. ವೀರಗಲ್ಲುಗಳೆಲ್ಲವೂ ರಾಜಯುದ್ಧಗಳಿಗೆ ಸಂಬಂಧಿಸಿದವಲ್ಲ. ತುರುಗೊಳ್ ಎಂದರೆ ದನಗಳ ಸೆರೆ. ಊರಳಿವು ಎಂದರೆ ಊರಿನ ಮೇಲಣ ಲೂಟಿ. ಪೆಣ್ಬುಯ್ಯಲ್ ಎಂದರೆ ಅಪಾಯದಲ್ಲಿ ಸಿಲುಕಿದ ಹೆಣ್ಣಿನ ಮೊರೆ. ಇಂತಹ ಸಂದರ್ಭಗಳಲ್ಲಿ ಮಡಿದವರು ವೃತ್ತಿಯಿಂದ ಸೈನಿಕರೇ ಆಗಿರಬೇಕೆಂದಿರಲಿಲ್ಲ. ಗಾವುಂಡರ ಮಕ್ಕಳು, ಬೇಡರು, ಗೋವಳರು ಮೊದಲಾದವರ ಹೆಸರುಗಳು ಇಂತಹ ಕಲ್ಲುಗಳಲ್ಲಿ ಉಳಿದಿವೆ. ಕಲ್ಲು ನಿಲ್ಲಿಸಿದವರು ಎಷ್ಟೋ ಕಡೆ ಅಣ್ಣನೋ ತಮ್ಮನೋ ಮಗನೋ ಆಗಿರುತ್ತಾರೆ. ಭೂಮಿಯನ್ನು ಬಿಟ್ಟವರು ಊರ ಗಾವುಂಡರೂ ಪ್ರಜೆಗಳೂ ಆಗಿರುತ್ತಾರೆ. ದನವನ್ನು ಮರಳಿ ತಂದುಕೊಟ್ಟು ತಾನು ಮರಳದವನ ಮನೆಗೆ ಉಳಿದವರು ತಮ್ಮ ಹೊಲದಿಂದಲೇ ಪಾಲು ಕೊಟ್ಟರೆಂದಾಯಿತು. ಅರಸನ ದಾನಕ್ಕಿಂತ ಈ ಊರವರ ದಾನ ನನಗೆ ಹೆಚ್ಚಿನದಾಗಿ ತೋರುತ್ತದೆ. ಅರಸನಿಗೆ ಊರುಗಳು ಬೇಕಾದಷ್ಟಿದ್ದವು.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ದತ್ತಿಯ ಸಾಲುಗಳು ಮಡಿದವನ ಹೆಂಡತಿಯನ್ನು ಜೀವಿಸಿ ಉಳಿದವಳಾಗಿ ಕಾಣುವುದಕ್ಕಿಂತ, ಮಾಸ್ತಿಕಲ್ಲುಗಳು ಅವಳನ್ನು ಚಿತೆಯೇರಿದವಳಾಗಿ ಕಾಣುವುದೇ ಹೆಚ್ಚು. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಒಂದು ತೋಳು ಆ ಕಲ್ಲುಗಳ ಗುರುತು. ಬಳೆ ಒಡೆಯಲಿಲ್ಲವೆಂಬುದೇ ಅದರ ಸಂದೇಶ. ಹೊಯ್ಸಳರ ಕಾಲದ ಗರುಡರ ಪದ್ಧತಿಯಲ್ಲಿ ಇದು ಪರಾಕಾಷ್ಠೆಗೆ ಮುಟ್ಟಿತು. ಒಡೆಯನು ಸತ್ತರೆ ತಾವೂ ಸಾಯುವೆವೆಂದು ವೇಳೆವಾಳಿಗಳಾಗಿ ಮಾತು ಕೊಟ್ಟವರು ಅವರು. ಎರಡನೆಯ ವೀರಬಲ್ಲಾಳನು ಕ್ರಿ. ಶ. 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನೂ ಅವನ ಪತ್ನಿ ಸುಗ್ಗಲದೇವಿಯೂ ಪ್ರಾಣಾರ್ಪಣೆ ಮಾಡಿದುದಕ್ಕೆ ಹಳೇಬೀಡಿನ ಸ್ತಂಭಶಾಸನ ಸಾಕ್ಷಿಯಾಗಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳಲ್ಲಿ ಒಂದೇ ಮನೆತನದ ಹಲವು ತಲೆಮಾರಿನವರು, ಹೆಂಡಿರೊಡನೆಯೂ ಪರಿವಾರದೊಡನೆಯೂ, ಅರಸರೊಡನೆ ಮಡಿದ ಕಥೆಯಿದೆ. ಇಲ್ಲಿ ತ್ಯಾಗವು ನಿಷ್ಠೆಯಿಂದ ಹುಟ್ಟಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ಮನೆತನವನ್ನು ಬರಿದು ಮಾಡಿದ ಗೌರವಕ್ಕೂ, ಒಂದು ಮನೆತನವನ್ನು ಉಳಿಸಿದ ಕಲ್ನಾಡಿಗೂ ಇರುವ ಅಂತರವನ್ನು ನಾವು ಕಾಣಬೇಕು. ಕೈಲಾಸದ ಹಾದಿಗೆ ಬೆಂಕಿಯ ಅಗತ್ಯವಿಲ್ಲವೆಂದು ಬಲ್ಲ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1987ರ ಸತಿ ತಡೆ ಶಾಸನವು ಅಂತಹ ಮರಣಗಳ ವೈಭವೀಕರಣವನ್ನೂ ನಿಷೇಧಿಸಿದೆ. ಮಾಸ್ತಿಕಲ್ಲಿನ ಮುಂದೆ ನಿಲ್ಲುವಾಗ ಕೈಮುಗಿಯುವುದಕ್ಕಿಂತ ತಲೆತಗ್ಗಿಸುವುದೇ ಉಚಿತ.

ಆಧುನಿಕ ಕಾಲದಲ್ಲಿ ಕಲ್ಲೂ ನೆಲವೂ ಬೇರ್ಪಟ್ಟವು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರುಗಳಿದ್ದರು. ಅವರ ಸ್ಮಾರಕ ಸ್ತಂಭವು ಬೆಂಗಳೂರಿನಲ್ಲಿದೆ. ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರಲ್ಲಿ ಒಬ್ಬನು ಮೈಸೂರಿನವನು. 2019ರಲ್ಲಿ ದೆಹಲಿಯಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಯುದ್ಧಸ್ಮಾರಕದ ಕಲ್ಲುಗಳ ಮೇಲೆ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ಸಾಮಾನ್ಯ ಸಿಪಾಯಿಯ ಹೆಸರೂ ಕಲ್ಲೇರಬೇಕೆಂಬ ಈ ವಿಚಾರ ವೀರಗಲ್ಲುಗಳ ನಾಡಿನವರಾದ ನಮಗೆ ಹೊಸದಲ್ಲ. ಮನೆಯವರ ಜೀವನದ ಹೊಣೆಯಾದರೋ ನಿವೃತ್ತಿವೇತನದ ಕಡತಗಳಿಗೂ, 1949ರಿಂದ ಡಿಸೆಂಬರ್ 7ರಂದು ಆಚರಿಸುತ್ತಿರುವ ಸಶಸ್ತ್ರಪಡೆಗಳ ಧ್ವಜದಿನದ ನಿಧಿಗೂ ಸೇರಿದೆ. ವ್ಯವಸ್ಥೆ ಹಿಂದಿನದಕ್ಕಿಂತ ವಿಸ್ತಾರವಾದುದು, ವಿಧವೆಯನ್ನು ಹಕ್ಕುದಾರಳೆಂದು ಕಾಣುವಂತಹುದು. ಅಷ್ಟರ ಮಟ್ಟಿಗೆ ನಿಸ್ಸಂದೇಹವಾಗಿ ಮೇಲು. ಆದರೆ ಕಲ್ಲು ದೆಹಲಿಯಲ್ಲಿ, ಕಡತ ಕಚೇರಿಯಲ್ಲಿ, ಮನೆ ಹಳ್ಳಿಯಲ್ಲಿ. ಊರಿನವರು ದಿನವೂ ಹಾದುಹೋಗುವ ದಾರಿಯಲ್ಲಿಯೇ ಹೆಸರೂ ಋಣವೂ ಒಟ್ಟಿಗೆ ನಿಂತಿದ್ದ ಆ ಹಳೆಯ ಏರ್ಪಾಡಿನ ಒಂದು ಗುಣ ಇದರಲ್ಲಿಲ್ಲ.

ಆ ಹಳೆಯ ಕಲ್ಲುಗಳ ಇಂದಿನ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಬಟ್ಟೆ ಒಗೆಯುವ ಚಪ್ಪಡಿಯಾಗಿ, ಮೋರಿಯ ಹಾಸಾಗಿ ಹೋದವು ಎಷ್ಟೋ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲು ಸುಮಾರು ಕ್ರಿ. ಶ. 750ರದು. ಗಂಗ ಶ್ರೀಪುರುಷನ ಆಳ್ವಿಕೆಯಲ್ಲಿ ರಟ್ಟವಾಡಿಯವರ ದಾಳಿಯನ್ನು ಎದುರಿಸಿ ಕಿಟ್ಟಯ್ಯನೆಂಬವನು ಮಡಿದುದನ್ನು ಅದು ಹೇಳುತ್ತದೆ. ಹೆಬ್ಬಾಳದ ಪ್ರಾಚೀನ ರೂಪವಾದ ಪೆರ್ಬೊಳಲ್ ಎಂಬ ಹೆಸರು ನಮಗೆ ದೊರೆತುದು ಅವನ ಕಲ್ಲಿನಿಂದ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 890ರದೆಂದು ಎಣಿಸಲಾದ ಇನ್ನೊಂದು ಕಲ್ಲು ಅದೇ ನಾಗತ್ತರನ ಮನೆಗೆ ಸೇರಿದವರು ಬೆಂಗಳೂರ ಕಾಳಗದಲ್ಲಿ ಸತ್ತುದನ್ನು ತಿಳಿಸುತ್ತದೆ. ಬೆಂಗಳೂರೆಂಬ ಹೆಸರಿಗೆ ಪ್ರಾಚೀನ ಆಧಾರವೆಂದು ಎಲ್ಲರೂ ಎತ್ತಿ ತೋರಿಸುವ ಬರಹ ಅದೇ.